ದಫ್ ಸಾಲಿನಲ್ಲಿ ನನ್ನ ಪಕ್ಕದವನಿಗೆ

ನರಿಕೊಂಬು
5 ಜನವರಿ 2025

ಮಮ್ಮು,

ಅಸ್ಸಲಾಮು ಅಲೈಕುಂ. ಪತ್ರ ಕಂಡು ನಗಬೇಡ. ನಿನ್ನ ನಂಬರನ್ನು ರಿಫಾ ನನ್ನ ಎದುರೇ ಕೂತು ಬ್ಲಾಕ್ ಮಾಡಿಸಿದ್ದಾಳೆ. ತಂಗಿಯ ಮಾತು ಮೀರುವುದು ಹೇಗೆ? ಅದಕ್ಕೇ ಈ ಅಂಚೆ.

ಬರುವ ಶುಕ್ರವಾರ ಜುಮಾ ನಮಾಜ್ ಮುಗಿದ ಮೇಲೆ ನಿಮ್ಮ ಮಸೀದಿಯ ಜಮಾಅತ್ ಕಚೇರಿಯಲ್ಲಿ ನಿನ್ನ ಮತ್ತು ರಿಫಾಳ ಮದುವೆ ಬಿಡುಗಡೆಯ ಮಾತು. ಅವಳ ಕಡೆಯಿಂದ ನಾನು ಬರುತ್ತೇನೆ. ಅವಳನ್ನು ತಿರುಗಿ ನಿನ್ನ ಮನೆಗೆ ಕಳಿಸುವುದಿಲ್ಲ ಎಂದು ಉಮ್ಮನಿಗೆ ಮಾತು ಕೊಟ್ಟಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರೆಯುವುದನ್ನು ನೀನು ರಾಜಿ ಎಂದುಕೊಳ್ಳಬಾರದು.

ಕಳೆದ ವಾರ ತೋಡಾರಿನಲ್ಲಿ ನಮಗೆ ದಫ್ ಬಾರಿಸಿ ಕುಣಿಯಲು ಕಲಿಸಿದ ಉಸ್ತಾದರ ಮಗಳು ಜುವೈರಿಯಾಳ ಮದುವೆಗೆ ನಾನು ಬಂದದ್ದು ಊಟ ಮಾಡಿ ಹೋಗಲಿಕ್ಕೆ. ಉಸ್ತಾದರು ಬಿಡಬೇಕಲ್ಲ. ಸಾಲಿಗೆ ಜನ ಕಡಿಮೆ ಉಂಟು, ನಿಲ್ಲು ಮಾರಾಯ ಎಂದು ಕೈಗೆ ದಫ್ ತುರುಕಿ, ಹಳೆಯ ಜಾಗದಲ್ಲೇ, ನಿನ್ನ ಎಡಕ್ಕೆ ನಿಲ್ಲಿಸಿದರು. ನಿನ್ನ ಮುಖ ನೋಡಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ. ಆದರೆ ಬಾರಿಸುತ್ತ ಕುಣಿಯುವಾಗ ಮುಖವನ್ನು ಯಾರು ನೋಡುತ್ತಾರೆ? ನೋಡುವುದು ಪಕ್ಕದವನ ಮೊಣಕಾಲು. ಅದು ಬಾಗಿದರೆ ನಾನೂ ಬಾಗಬೇಕು, ಅವನ ಭುಜ ವಾಲಿದರೆ ನನ್ನದೂ ವಾಲಬೇಕು. ಸ್ವಲ್ಪ ಹೊತ್ತಿಗೆ ನಮ್ಮಿಬ್ಬರ ಉಸಿರು ಒಂದೇ ಆಯಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಕುಳಿತು ಏಳುವ ಕಡೆ ನಾನು ಯಾವಾಗಲೂ ತಡ. ನೀನೂ ಬೇಕೆಂದೇ ನನ್ನ ಜೊತೆ ತಡ ಮಾಡುತ್ತಿದ್ದೆ. ಇಬ್ಬರು ಒಟ್ಟಿಗೆ ತಪ್ಪಿದರೆ ಜನ ಅದನ್ನೂ ಆಟದ ಚಂದ ಎಂದುಕೊಳ್ಳುತ್ತಿದ್ದರು. ಆವತ್ತೂ ಹಾಗೇ ಮಾಡಿದೆಯಲ್ಲ! ಯಾರು ಕೇಳಿದ್ದರು ನಿನ್ನನ್ನು? ದಫ್ ನಿಂತ ಕೂಡಲೇ ನೀನೊಂದು ಮೇಜಿಗೆ, ನಾನೊಂದು ಮೇಜಿಗೆ. ಬಿರಿಯಾನಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಯಾರೋ ವಿಡಿಯೊ ಹಾಕಿದ್ದರು. ರಿಫಾ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅಣ್ಣಾ, ನಿನಗಾಗಿ ಅವರು ಎಷ್ಟು ಚಂದ ಕಾಯ್ತಾರೆ ನೋಡು, ನಾನು ಒಂದು ಮಾತು ಹೇಳಿ ಮುಗಿಸುವಷ್ಟು ಯಾವತ್ತೂ ಕಾದದ್ದಿಲ್ಲ ಎಂದಳು. ಮೊಬೈಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಹೆಜ್ಜೆ ಕೂಡಿದವರ ಮನಸ್ಸೂ ಕೂಡುತ್ತದೆ ಎಂದು ಉಸ್ತಾದರು ಹೇಳುತ್ತಿದ್ದರು. ಸುಳ್ಳಲ್ಲ. ನಿನ್ನಷ್ಟು ಹತ್ತಿರದವನು ನನಗೆ ಇನ್ನೊಬ್ಬನಿಲ್ಲ. ಆ ಧೈರ್ಯದಲ್ಲೇ, ಬೇರೆ ಯಾರನ್ನೂ ವಿಚಾರಿಸದೆ, ತಂಗಿಯನ್ನು ನಿನಗೆ ಕೊಟ್ಟದ್ದು. ನಿನ್ನ ಮೊಣಕಾಲು ನನಗೆ ಚೆನ್ನಾಗಿ ಗೊತ್ತಿತ್ತು, ಮನೆಯೊಳಗಿನ ನೀನು ಗೊತ್ತಿರಲಿಲ್ಲ. ಶುಕ್ರವಾರ ನಾನು ಸಹಿ ಹಾಕುತ್ತೇನೆ. ನೀನೂ ತಕರಾರು ಮಾಡದೆ ಹಾಕು.

ಶುಕ್ರವಾರದವರೆಗೆ ನಿನ್ನ ಭಾವ,
ಹಾರಿಸ್

ಇನ್ನೊಂದು: ಶುಕ್ರವಾರದ ಮಾತಿಗೆ ರಿಫಾ ತಾನಾಗಿಯೇ ಬರುವುದಿಲ್ಲವಂತೆ ಎಂದು ಉಸ್ತಾದರ ಮೂಲಕ ಹೇಳಿಸಿದ್ದೆನಲ್ಲ, ಅದು ಸುಳ್ಳು. ಅವಳು, ಬಂದೇ ಬರುತ್ತೇನೆ, ಆ ಮನೆಯಲ್ಲಿ ಆದದ್ದನ್ನೆಲ್ಲ ಎಲ್ಲರ ಮುಂದೆ ಹೇಳುತ್ತೇನೆ ಎಂದು ಹಟ ಹಿಡಿದಿದ್ದಾಳೆ. ತಡೆದವನು ನಾನು. ಅದನ್ನು ಅವಳ ಬಾಯಿಂದ ಕೇಳಿದರೆ ಇನ್ನು ನಿನ್ನ ಪಕ್ಕ ನಿಲ್ಲಲು ನನ್ನಿಂದ ಆಗುವುದಿಲ್ಲ.