ಫೋಟೋದ ಹಿಂದಿನ ಕಂಡಿ

ಸಿವಾಸ್, ಮಂಗಳವಾರ

ಪ್ರೀತಿಯ ಅಪ್ಪ,

ನಾನು ತಾಯಿಯಾಗುತ್ತಿದ್ದೇನೆ, ಮಾರ್ಚ್‌ ತಿಂಗಳಿಗೆ ನೀನು ತಾತ! ಸುದ್ದಿ ಕೇಳಿದ್ದೇ ತಡ, ನಾದಿನಿ ಸೆವಿಲ್ ಹಲ್ವ ಹಿಡಿದು ಓಡಿಬಂದಳು. ಶನಿವಾರ ಇಲ್ಲೇ ಉಳಿದು ಚಿಕ್ಕ ಕೋಣೆಯಲ್ಲಿ ಮಲಗಿದಳು.

ಆ ಕೋಣೆಯಲ್ಲಿ ಮೊದಲಿದ್ದ ಒಲೆಯ ಕೊಳವೆ ಹೊಗೆಗೂಡಿಗೆ ಸೇರುತ್ತಿದ್ದ ಕಂಡಿಗೆ ಇಟ್ಟಿಗೆ ಇಟ್ಟು ಗಾರೆ ಮೆತ್ತಿಸು ಎಂದು ನೀನು ಹೇಳಿದ್ದೆ. ನಾನು ಬರೀ ಬಟ್ಟೆ ತುರುಕಿ, ಮೇಲೆ ನಮ್ಮ ಮದುವೆಯ ಫೋಟೋ ತೂಗುಹಾಕಿದ್ದೆ. ಇಣುಕುತ್ತಿದ್ದ ಬಟ್ಟೆ ನೋಡಿ ಸೆವಿಲ್, "ಏನತ್ತಿಗೆ, ಗಾರೆ ಸಿಗ್ಲಿಲ್ಲ ಅಂತ ನಮ್ಮಣ್ಣನ ಮುಖ ಮೆತ್ತಿದ್ಯಾ?" ಎಂದು ನಕ್ಕಳು.

ಬೆಳಿಗ್ಗೆ ಅವಳು ಏಳಲಿಲ್ಲ. ಕೆಳಮನೆಯ ಸೌದೆ ಒಲೆಯ ವಿಷಗಾಳಿ ಅದೇ ಹೊಗೆಗೂಡಿನಲ್ಲಿ ಏರಿ, ಆ ಕಂಡಿಯಿಂದ ಒಳಬಂದಿತ್ತು. ನಿನ್ನೆ ಮಣ್ಣು ಮಾಡಿದೆವು.

ಕೆಳಮನೆಯ ರಿಫ್ಕಿ ತಾತ ಒಲೆಯನ್ನು ಸರಿಯಾಗಿ ಕೂರಿಸಿಲ್ಲವೆಂದು ಪೊಲೀಸರು ಅವರನ್ನು ಹಿಡಿದಿಟ್ಟಿದ್ದಾರೆ. ನನ್ನ ಗಂಡ ತುಂಜಾಯ್ ಕೂಡ ಹಾಗೇ ನಂಬಿದ್ದಾನೆ. ಫೋಟೋ ಸರಿಸಿ ಯಾರೂ ನೋಡಿಲ್ಲ. ನಾಳೆ ಅವನಿಗೆ ನಾನೇ ತೋರಿಸಿ, ಠಾಣೆಗೂ ಹೋಗಿ ಹೇಳುತ್ತೇನೆ. ಆಮೇಲೆ ಈ ಮನೆಯಲ್ಲಿ ನನಗೆ ಜಾಗವಿರುವುದಿಲ್ಲ.

ಅಮ್ಮನಿಗೆ ಮೊದಲ ಸಾಲು ಮಾತ್ರ ಓದಿ ಹೇಳು. ಪೊಲೀಸರು ಬಿಟ್ಟರೆ ಶುಕ್ರವಾರ ಪೂರ್ವ ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತೇನೆ, ನಿಲ್ದಾಣಕ್ಕೆ ನೀನೊಬ್ಬನೇ ಬಾ.

ನಿನ್ನ ಮಗಳು,
ನಿಲ್ಗುನ್