ಅವಳು ಹರಸಲಿಲ್ಲ

ಸುಜಯ್,

‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದೆ. ಆ ಪದ ಇನ್ನು ನಿನಗೆ ದಂಡ.

ಅಸ್ಸಿ ಘಾಟಿನ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದಾಗ ನಿನ್ನ ಮೆಸೇಜು ಬಂತು. ಕಂಟೋನ್ಮೆಂಟಿನ ಹೋಟೆಲ್ ಮಾಲೀಕರ ಮಗಳು ಅಮೂಲ್ಯಾಳ ಜೊತೆ ನಿಶ್ಚಿತಾರ್ಥವಂತೆ. ಅತಿಥಿಗಳಿಗೆ ನಮ್ಮ ಆ ಹಳೆಯ ಮೂಕಿ ಚಿತ್ರ ತೋರಿಸುತ್ತೀಯಂತೆ. “ಊರಿಂದ ಬರೋರಿಗೆ ಹಿಂದಿ ಓದೋಕೆ ಬರಲ್ಲ ವಸು, ನೀನೇ ಬಂದು ಕನ್ನಡದಲ್ಲಿ ಓದ್ಬಿಡು. ನಿನ್ನಷ್ಟು ಚೆನ್ನಾಗಿ ಯಾರೂ ಓದಲ್ಲ.” ಮೂರು ವರ್ಷ ನನ್ನ ಜೊತೆ ಮದುವೆಯ ಮಾತಾಡಿದವನು ಹೀಗೆ ಕರೆಯುತ್ತಾನೆ! ನಿನ್ನದು ಎಮ್ಮೆ ಚರ್ಮ ಮಾರಾಯ.

ವಿಶ್ವವಿದ್ಯಾಲಯದ ನಮ್ಮ ವಿಭಾಗದ ಸಂಗ್ರಹದಿಂದ ಆ ಚಿತ್ರ ತಂದು, ಮಠದ ಪಡಸಾಲೆಯಲ್ಲಿ ಪಂಚೆಯನ್ನೇ ಪರದೆಯಾಗಿ ಕಟ್ಟಿ, ಕರ್ನಾಟಕದ ಯಾತ್ರಿಕರಿಗೆ ತೋರಿಸಿದೆವಲ್ಲ? ಅಂಬಿಗನ ಮಗಳನ್ನು ಪ್ರೀತಿಸಿದ ಜಮೀನ್ದಾರನ ಮಗ ಕೊನೆಗೆ ದುಡ್ಡಿದ್ದವಳ ಕೈಹಿಡಿಯುತ್ತಾನೆ. ನಡುನಡುವೆ ಬರುವ ಹಿಂದಿ ಬರಹವನ್ನು ನಾನು ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಓದುತ್ತಿದ್ದೆ. ಮದುವೆ ದಿಬ್ಬಣಕ್ಕೆ ಎದುರಾದಾಗ ಅಂಬಿಗನ ಮಗಳಾಡುವ ಕೊನೆಯ ಮಾತನ್ನು ಹಿಂದಿನ ದಿನವೇ ನೀನು ತಿದ್ದಿಸಿದೆ. “ಪುಣ್ಯಕ್ಕೆ ಬಂದಿರೋ ಜನ, ಬೈಗುಳ ಯಾಕೆ? ಹರಸಿದಳು ಅಂತ ಓದು.” ನಾನೊಬ್ಬಳು ಪೆದ್ದಿ, “ನೀವು ಸುಖವಾಗಿರಿ, ನನಗಷ್ಟೇ ಸಾಕು” ಎಂದು ಓದಿದೆ. ಎಲ್ಲರೂ ಕಣ್ಣೊರೆಸಿಕೊಂಡರು. ಮಠದ ಅಡುಗೆಯ ಕಾಶಮ್ಮ ಮಾತ್ರ ಬಿಡಲಿಲ್ಲ. “ಆಕಿ ಮಾರಿ ನೋಡವಾ, ಹರಸೋ ಮಾರಿ ಅಲ್ಲದು. ಏನೋ ಮುಚ್ಚಿಟ್ಟೀ ನೀನು.” ನೀನು ನಕ್ಕೆ. ನಿನ್ನ ಜೊತೆ ನಾನೂ ನಕ್ಕೆ. ಅದನ್ನು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಿಮ್ಮಪ್ಪ ಈ ಸಂಬಂಧ ತಂದಾಗಲೂ ಅದೇ ಆಯಿತು. ಗೋದೌಲಿಯಾ ಚೌಕದ ಗದ್ದಲದಲ್ಲಿ ರಿಕ್ಷಾ ಹತ್ತುತ್ತ ನೀನು, “ಪ್ರೀತಿಯಿಂದ ಹೊಟ್ಟೆ ತುಂಬಲ್ಲ, ಅರ್ಥ ಮಾಡ್ಕೋ” ಎಂದೆ. ಬೈಗುಳ ನುಂಗಿಕೊಂಡು ನಾನು “ಸುಖವಾಗಿರು” ಎಂದೆ. ಆ ಮಾತನ್ನು ನನ್ನ ಬಾಯಿಗೆ ಕಲಿಸಿದವನು ನೀನೇ.

ಹೋಟೆಲಿಗೆ ನಾನು ಬರುವುದಿಲ್ಲ. ಅಮೂಲ್ಯಾ ನನಗೇನೂ ಮಾಡಿಲ್ಲ, ಅವಳ ಸಂಜೆ ಯಾಕೆ ಕೆಡಿಸಲಿ? ಆದರೆ ಇವತ್ತು ಬೆಳಿಗ್ಗೆ ಮಠದ ಅಡುಗೆಮನೆಗೆ ಹೋಗಿ, ಕಾಶಮ್ಮನೆದುರು ಆ ಕೊನೆಯ ಮಾತನ್ನು ಚಿತ್ರದಲ್ಲಿ ಇದ್ದ ಹಾಗೇ ಕನ್ನಡದಲ್ಲಿ ಓದಿದೆ. ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಆಕೆ, “ಈಗ ಮಾರಿಗೂ ಮಾತಿಗೂ ಸರಿ ಹೋತು” ಎಂದಳು. ನಿನಗೂ ಓದಿಬಿಡುತ್ತೇನೆ, ಕೇಳು:

“ನೀನು ಮಾರಾಟವಾದವನು. ಕೊಂಡವರೇ ಹರಸಲಿ. ನನ್ನ ದಾರಿ ಬಿಡು.”

ಇನ್ನು ಯಾರಿಗಾಗಿಯೂ ತಿದ್ದಿ ಓದದ,
ವಸುಮತಿ