ಹಿತ್ತಲಲ್ಲಿ ಸೋನಮತಿಯ ಒಲೆ

10-2-1946, ಭಾನುವಾರ

ರಾಗೀಲಿ ಕಲ್ಲು ಆರಿಸಿ ಏಳೋ ಹೊತ್ತಿಗೆ ಹಿತ್ತಲಿಂದ ಹೊಗೆ. ಹೋಗಿ ನೋಡಿದ್ರೆ ನಾನು ತಟ್ಟಿ ಒಣಗಿಸಿದ್ದ ಬೆರಣೀನ ಗುಡ್ಡೆ ಹಾಕ್ಕೊಂಡು ಬೆಂಕಿ ಹಚ್ಚಿದಾಳೆ. ನನ್ನ ಕೇಳಿಲ್ಲ. ಕೇಳಿದ್ರೂ ತಿಳೀತಿರಲಿಲ್ಲ... ಅವಳದು ಹಿಂದೂಸ್ತಾನಿ.

ಇವರು ಮಿಲಿಟರಿಯಿಂದ ಡಿಸ್ಚಾರ್ಜ್ ಆಗಿ ಬಂದದ್ದು ಗುರುವಾರ. ಮೂರು ವರ್ಷ ದಾರಿ ಕಾದಿದ್ದೆ. ದೇವನಹಳ್ಳಿ ಸ್ಟೇಷನ್ನಿಂದ ಬಂದ ಜಟಕಾದಿಂದ ಮೊದಲು ಟ್ರಂಕು ಇಳೀತು, ಆಮೇಲೆ ಇವರು, ಆಮೇಲೆ ಇವಳು. ಹೆಸರು ಸೋನಮತಿ. ಬಿಹಾರದೋಳು. ಇವರ ಜೊತೆ ಲಾರಿ ಓಡಿಸ್ತಿದ್ದ ರಾಮಧನಿ ಅನ್ನೋನ ಹೆಂಡ್ತಿ. ಅವನು ಮಣಿಪುರದ ಘಾಟಿಯಲ್ಲಿ ಲಾರಿ ಸಮೇತ ಉರುಳಿ ಸತ್ತನಂತೆ. ಗಂಡನ ಮನೆಯೋರು ಇವಳನ್ನ ಹೊರಗೆ ಹಾಕಿದರಂತೆ.

"ಬೆಂಗಳೂರು ಆಸ್ಪತ್ರೇಲಿ ಆಯಾ ಕೆಲಸ ಕೊಡಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಎಂಟು-ಹತ್ತು ದಿನ ಇರ್ತಾಳೆ" ಅಂದ್ರು ಇವರು.

ಜಾತಿ ಗೊತ್ತಿಲ್ಲ, ಅಡುಗೆಮನೆ ಹೊಸಿಲು ದಾಟೋದು ಬೇಡ ಅಂದ್ರು ಅತ್ತೆ. ಅದಕ್ಕೇ ಹಿತ್ತಲಲ್ಲಿ ಒಲೆ. ಗೋಧಿಹಿಟ್ಟು ಕಲಸಿ ಉಂಡೆ ಮಾಡಿದ್ಳು. ಒಳಗೆ ಹುರಿಗಡಲೆ ಹಿಟ್ಟಿನ ಹೂರಣ, ಸಿಹಿ ಅಲ್ಲ... ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಓಮ, ನಿಂಬೆ ಉಪ್ಪಿನಕಾಯಿ ರಸ. ಕೆಂಡದೊಳಗೆ ಹೂತು ಸುಡೋದು. ಲಿಟ್ಟಿ ಅಂತೆ. ನಂಚಿಕೊಳ್ಳೋಕೆ ಸುಟ್ಟ ಬದನೇಕಾಯಿ, ಬೇಯಿಸಿದ ಆಲೂಗಡ್ಡೆ ಕಿವುಚಿದ್ದು. ಚೋಖಾ ಅಂತೆ.

ಇವರು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಬೂದಿ ಊದಿ ಊದಿ ತಿಂದ್ರು. ಒಳಗೆ ನನ್ನ ಮುದ್ದೆ ತಣಿದು ಕಲ್ಲಾಯ್ತು.

13-2-1946

ರೇಷನ್ ಅಂಗಡೀಲಿ ಈ ಸಲವೂ ಅಕ್ಕಿ ಇಲ್ಲ. ಗೋಧಿ ತಗೊಂಡು ಹೋಗಿ ಅಂದ್ರು. ಗೋಧಿ ಇಟ್ಕೊಂಡು ಏನು ಮಾಡೋದು ಅಂತ ನಮ್ಮ ಬೀದೀಲಿ ಯಾರಿಗೂ ಗೊತ್ತಿಲ್ಲ. ಹೋದ ಸಲ ಮುದ್ದೆ ಕಟ್ಟಿದ್ದೆ. ಗೋಂದು! ಹಸು ಕೂಡ ಮೂತಿ ತಿರುಗಿಸ್ತು.

ಇವಳ ಕಣ್ಣು ಮಾತ್ರ ಆ ಚೀಲ ನೋಡಿ ಅರಳಿತು. ಬೀಸೋಕಲ್ಲಿನ ಮುಂದೆ ಕೂತು ಬೀಸಿದ್ದೇ ಬೀಸಿದ್ದು. ತೋಳು ಗಂಡಸಿನ ಹಾಗೆ. ಚೆಲುವೆ ಏನಲ್ಲ. ಮುಖದ ತುಂಬ ಸಿಡುಬಿನ ಕಲೆ, ನನಗಿಂತ ನಾಲ್ಕೈದು ವರ್ಷ ದೊಡ್ಡೋಳೇ ಇರಬೇಕು. ಚೆಲುವೆ ಆಗಿದ್ರೆ ಇಷ್ಟು ಉರೀತಿರಲಿಲ್ಲವೇನೋ. ಚೆಲುವಿಗೆ ಸೋತರು ಅಂತ ಅಂದ್ಕೊಳ್ಳಬಹುದಿತ್ತು.

22-2-1946

ಬೀದಿಯ ಹೆಂಗಸರೆಲ್ಲ ನಮ್ಮ ಹಿತ್ತಲಲ್ಲಿ. ಪಕ್ಕದ ಮನೆ ಭಾಗ್ಯಮ್ಮ ಗೋಧಿಹಿಟ್ಟು ಮೊರದಲ್ಲಿ ಹೊತ್ಕೊಂಡೇ ಬಂದ್ಳು. "ಸೋನಮ್ಮಾ, ತೋರ್ಸಮ್ಮಾ" ಅಂತ. ಆಗಲೇ ಸೋನಮ್ಮ ಆಗಿಹೋಗಿದಾಳೆ.

ನಾನು ಬಾಗಿಲ ಹಿಂದೆ ನಿಂತು ನೋಡ್ದೆ. ಬದನೇಕಾಯಿಗೆ ಕಡ್ಡಿ ಚುಚ್ಚಿ, ತೂತಿಗೆ ಬೆಳ್ಳುಳ್ಳಿ ಸಿಕ್ಕಿಸಿ ಸುಡ್ತಾಳೆ. ಸಿಪ್ಪೆ ಸುಲಿದು ಕೈಯಲ್ಲೇ ಕಿವುಚಿ ಉಪ್ಪು, ಈರುಳ್ಳಿ, ಸುಟ್ಟ ಟಮಾಟೆ. ಅವಳೂರಲ್ಲಿ ಸಾಸಿವೆ ಎಣ್ಣೆಯಂತೆ. ಇಲ್ಲಿ ಸಿಗಲ್ಲ ಅಂತ ಹುಚ್ಚೆಳ್ಳೆಣ್ಣೆ ಬಿಟ್ಟಳು. ನನ್ನ ಹುಚ್ಚೆಳ್ಳೆಣ್ಣೆ.

ಬದನೇಕಾಯಿ ಗೊಜ್ಜು ನಾವು ಕಾಣದ್ದಾ? ತವರು ಕುಂದಾಣದಲ್ಲಿ ನಮ್ಮಮ್ಮ ಮಾಡೋ ಗೊಜ್ಜು ಉಂಡೋರು ಬಟ್ಟಲು ನೆಕ್ತಾ ಇದ್ರು. ಅಂದೇ ಬಿಟ್ಟೆ ಇವರ ಮುಂದೆ.

"ಇದರ ರುಚಿ ಬೇರೆ ಕಣೇ" ಅಂದ್ರು.

ಅತ್ತೆಯೂ ತಿಂದ್ರು! ಬೆಂಕೀಲಿ ಬೆಂದದ್ದಕ್ಕೆ ಮೈಲಿಗೆ ಇಲ್ಲವಂತೆ. ಮೊನ್ನೆವರೆಗೂ ಇತ್ತು.

ಭಾಗ್ಯಮ್ಮ ಹೋಗ್ತಾ ನನ್ನ ಕಿವೀಲಿ, "ಮಡಿಲು ಇನ್ನೂ ತುಂಬಲಿಲ್ಲ ನೋಡು, ಅದಕ್ಕೇ ನಿನ್ನ ಗಂಡ ಪಿಳ್ಳಪ್ಪ ಇವಳನ್ನ ಕರ್ಕೊಂಡು ಬಂದಿರೋದು ಅಂತಾರೆ. ನಾನಲ್ಲಮ್ಮ, ಊರೋರು" ಅಂದ್ಳು.

9-3-1946

ಎಂಟು-ಹತ್ತು ದಿನ ಯಾವತ್ತೋ ಮುಗೀತು. ಆಸ್ಪತ್ರೆ ಮಾತು ಎತ್ತಿದ್ರೆ "ವಿಚಾರಿಸ್ತಾ ಇದೀನಿ."

ಸಂಜೆ ಇಬ್ಬರೂ ಕೆಂಡದ ಆಚೆ ಈಚೆ ಕೂತು ಹಿಂದೂಸ್ತಾನೀಲಿ ಮಾತು. ಇವರು ನಗ್ತಾರೆ. ಆ ನಗು ನನಗೆ ಗೊತ್ತಿಲ್ಲದ್ದು. ನನ್ನ ಜೊತೆ ಆಡೋದು ರೇಷನ್ನು, ಹಸು, ಅತ್ತೆ ಮಂಡಿನೋವು. ಅವಳ ಜೊತೆ ಆಡೋದು ಏನು? ನೀರು ತರೋ ನೆಪದಲ್ಲಿ ನಾಲ್ಕು ಸಲ ಓಡಾಡ್ದೆ. ನಾನು ಬಂದ್ರೂ ಮಾತು ನಿಲ್ಲಿಸಲ್ಲ. ಯಾಕೆ ನಿಲ್ಲಿಸ್ತಾರೆ? ನಾನು ಕಿವುಡಿಗೆ ಸಮ.

11-3-1946, ಮಧ್ಯಾಹ್ನ

ಎಲ್ಲರೂ ಸಂತೆಗೆ ಹೋಗಿದ್ರು. ಒಬ್ಬಳೇ ಲಿಟ್ಟಿ ಮಾಡಿ ನೋಡ್ದೆ. ಹೊರಗೆ ಕರಿಕಲು, ಒಳಗೆ ಹಸಿ, ಎಲ್ಲಾ ಒಡೆದು ಹೂರಣ ಬೂದಿಪಾಲು. ಅಷ್ಟರಲ್ಲಿ ಇವಳು ವಾಪಸ್ ಬಂದುಬಿಟ್ಟಳು. ನಕ್ಕಿದ್ರೆ ಜಗಳ ಆಡ್ತಿದ್ದೆ. ನಗಲಿಲ್ಲ. ಪಕ್ಕ ಕೂತು ನನ್ನ ಬೆರಳು ಹಿಡಿದು, ಉಂಡೆ ಬಾಯಿ ಹೇಗೆ ಒತ್ತಿ ಮುಚ್ಚೋದು ಅಂತ ತೋರಿಸಿದ್ಳು. ಬಿಸಿ ಕೈ, ಒರಟು. ಕಿತ್ಕೊಂಡು ಒಳಗೆ ಬಂದೆ.

ಯುಗಾದಿ, ಸಂಜೆ

ಒಬ್ಬಟ್ಟು ಮಾಡ್ದೆ. ಹೂರಣ ತಿರುವಿ ತಿರುವಿ ರಟ್ಟೆ ಬಿದ್ದುಹೋಯ್ತು. ಎಲೆ ಹಾಗೆ ತೆಳ್ಳಗೆ, ಒಂದೂ ಹರೀಲಿಲ್ಲ. ಮದುವೆಯಾದ ವರ್ಷ ಇವರು ತಟ್ಟೆ ಮುಂದಿಂದ ಏಳ್ತಿರಲಿಲ್ಲ ಇದಕ್ಕೆ.

ಎರಡು ತಿಂದು "ಚೆನ್ನಾಗಿದೆ" ಅಂದ್ರು. ಆಮೇಲೆ ಒಂದು ಎಲೇಲಿ ನಾಲ್ಕು ಹಾಕಿ, ಮೇಲೆ ತುಪ್ಪ ತಾವೇ ಸುರಿದು ಹಿತ್ತಲಿಗೆ ತಗೊಂಡು ಹೋದ್ರು.

ನನ್ನ ಎಲೆಗೆ ಯಾವತ್ತೂ ಬಡಿಸಿದೋರಲ್ಲ.

8-4-1946

ತಡೀಲಾರದೆ ದಿಲ್ಶಾದ್‌ಗೆ ಹೇಳ್ದೆ. ಬಳೆ ಅಂಗಡಿ ಮುನಾವರ್ ಪಾಷಾ ಹೆಂಡ್ತಿ, ನನ್ನ ಜೊತೆ ಮಿಡ್ಲ್ ಸ್ಕೂಲಲ್ಲಿ ಓದಿದೋಳು. ಅವರ ಮನೇಲಿ ದಖ್ನಿ ಮಾತು, ಅವಳಿಗೆ ಹಿಂದೂಸ್ತಾನಿ ತಿಳಿಯುತ್ತೆ. "ಒಂದು ಸಂಜೆ ಬಂದು ಕೂತ್ಕೊಳ್ಳೇ. ಕರಿಬೇವು ಬಿಡಿಸೋ ಹಾಗೆ."

"ಕದ್ದು ಕೇಳೋದಾ ದೇವಮ್ಮಾ? ಥೂ" ಅಂದ್ಳು. ಆಮೇಲೆ ನನ್ನ ಮುಖ ನೋಡಿ ಬರ್ತೀನಿ ಅಂದ್ಳು.

10-4-1946

ದಿಲ್ಶಾದ್ ಬಂದ್ಳು, ಕೇಳಿದ್ಳು. ಬಾವಿ ಹತ್ತಿರ ಕರ್ಕೊಂಡು ಹೋಗಿ ಹೇಳಿದ್ಳು.

"ಅವಳ ಮಾತು ನಮ್ಮದರ ಹಾಗಲ್ಲ, ಮುಕ್ಕಾಲು ತಿಳೀತು. ಅವಳು ಕೇಳ್ತಾ ಇದ್ದದ್ದು ಒಂದೇ. ಆಸ್ಪತ್ರೆಗೆ ಯಾವತ್ತು ಸೇರಿಸ್ತೀರಿ, ಇನ್ನೊಬ್ಬಳ ಮನೇಲಿ ಎಷ್ಟು ದಿನ ಇರಲಿ ಅಂತ. ನಿಮ್ಮೋರು ನಾಳೆ ನಾಳೆ ಅಂದ್ರು. ಆಮೇಲೆ..."

"ಆಮೇಲೆ ಏನೇ?"

"ಇಲ್ಲೇ ಇದ್ಬಿಡು ಅಂದ್ರು. ದೇವಮ್ಮನಿಗೆ ನಾನು ಹೇಳಿ ಒಪ್ಪಿಸ್ತೀನಿ ಅಂದ್ರು."

"ಅವಳು?"

"ಚೊಂಬಿನ ನೀರು ಕೆಂಡದ ಮೇಲೆ ಸುರಿದು ಎದ್ದುಬಿಟ್ಟಳು."

ಇಷ್ಟು ದಿನ ಶಪಿಸಿದ್ದು ಅವಳನ್ನ. ತಿಳಿದ ಮೇಲೆ ಅವಳ ಮೇಲಿನ ಉರಿ ಆರಬೇಕಿತ್ತು. ಜಾಸ್ತಿ ಆಯ್ತು. ಕೇಳದೇ, ಬಯಸದೇ ಸಿಕ್ಕಿದೆಯಲ್ಲ ಅವಳಿಗೆ. ಅದನ್ನೂ ಬೇಡ ಅಂತಾಳಲ್ಲ!

15-4-1946, ಸೋಮವಾರ

ಇವರು ಲಾರಿ ಡ್ರೈವರ್ ಕೆಲಸ ವಿಚಾರಿಸೋಕೆ ನಿನ್ನೆಯೇ ಹೊಸಕೋಟೆಗೆ ಹೋಗಿದ್ರು. ದಿಲ್ಶಾದ್ ನಾದಿನಿ ಫರೀದಾ ಬೆಂಗಳೂರಲ್ಲಿ ಒಂದು ಹೆರಿಗೆ ಆಸ್ಪತ್ರೇಲಿ ಆಯಾ. ಅಲ್ಲಿ ಆಳು ಬೇಕು ಅಂತ ಹೇಳಿ ಕಳಿಸಿದ್ಳು. ನಿನ್ನೆ ಸಂಜೆ ದಿಲ್ಶಾದ್ ಬಾಯಿಂದ ಸೋನಮತೀನ ಕೇಳಿಸ್ದೆ, "ಹೋಗ್ತೀಯಾ?"

ಮಾತು ಮುಗಿಯೋಕೆ ಮುಂಚೆ ಗಂಟು ಕಟ್ಟಿಬಿಟ್ಟಳು.

ಮೂವರೂ ಇವತ್ತು ಬೆಳಗಿನ ರೈಲಿಗೆ ಹೋದ್ವಿ. ದಾರೀಲಿ ತಿನ್ನೋಕೆ ಲಿಟ್ಟಿ ತಂದಿದ್ಳು, ನನಗೂ ಕೊಟ್ಟಳು. ಮೊದಲನೇ ಸಲ ಬಾಯಿಗಿಟ್ಟೆ. ಹೊಟ್ಟೆಕಿಚ್ಚಿಗೂ ಸುಳ್ಳು ಹೇಳೋಕೆ ಆಗಲ್ಲ... ಚೆನ್ನಾಗಿತ್ತು. ಹೊರಗೆ ಗರಿಗರಿ, ಒಳಗೆ ಹುಳಿ ಖಾರ. ಹುಚ್ಚೆಳ್ಳೆಣ್ಣೆ ಘಮ. ಇವರು ಬೂದಿ ಊದಿ ತಿಂದದ್ದು ಕಣ್ಣಿಗೆ ಬಂತು. ಅರ್ಧ ತಿಂದು ಇಟ್ಟೆ.

ಆಸ್ಪತ್ರೆ ಗೇಟಿನ ಹತ್ತಿರ ನನ್ನ ಎರಡೂ ಕೈ ಹಿಡ್ಕೊಂಡು ಏನೋ ಅಂದ್ಳು.

"ನಿನ್ನ ಗಂಡ ಕೆಟ್ಟೋನಲ್ಲ ಅಂತಿದಾಳೆ" ಅಂದ್ಳು ದಿಲ್ಶಾದ್.

ಅದನ್ನೂ ಅವಳ ಬಾಯಲ್ಲೇ ಕೇಳಬೇಕಾಯ್ತು.

ಅವಳನ್ನ ಒಳ್ಳೇದಕ್ಕೆ ಕರ್ಕೊಂಡು ಹೋದೆನೋ, ಕಣ್ಮುಂದಿಂದ ತೊಲಗಲಿ ಅಂತಲೋ? ಎರಡೂ. ಎರಡನೇದೇ ಜಾಸ್ತಿ.

ಅದೇ ದಿನ, ದೀಪ ಹಚ್ಚೋ ಹೊತ್ತು

ಇವರು ಬಂದೋರೇ ಹಿತ್ತಲಿಗೆ ಹೋದ್ರು. ವಾಪಸ್ ಬಂದು, "ಎಲ್ಲಿ?"

"ಕೆಲಸಕ್ಕೆ ಸೇರಿದ್ಳು. ನೀವು ಕೊಟ್ಟ ಮಾತು ನಾನು ನಡೆಸ್ದೆ."

"ನನ್ನ ಒಂದು ಮಾತು ಕೇಳ್ಬಾರದಾಗಿತ್ತಾ?"

"ನೀವು ನನ್ನ ಕೇಳಿ ಕರ್ಕೊಂಡು ಬಂದ್ರಾ?"

ಹೊಡೀತಾರೆ ಅಂದ್ಕೊಂಡೆ. ಹೊಡೀಲಿಲ್ಲ. ಜಗಲಿ ಮೇಲೆ ಹೋಗಿ ಕೂತ್ರು. ಊಟಕ್ಕೂ ಏಳಲಿಲ್ಲ.

28-4-1946

ಬೀದಿಯೋರ ಬಾಯಲ್ಲಿ ಈಗ ನಾನು ಗಂಡ ಸತ್ತೋಳನ್ನ ಮನೆಯಿಂದ ಓಡಿಸಿದೋಳು. ಅಂದುಕೊಂಡೇ ಹಿಟ್ಟು ತಗೊಂಡು ನನ್ನ ಹತ್ತಿರವೇ ಬರ್ತಾರೆ. ಅಕ್ಕಿ ಇನ್ನೂ ಬಂದಿಲ್ಲವಲ್ಲ. ನಿನ್ನೆ ಲಿಟ್ಟಿ ಮಾಡ್ದೆ. ಒಂದೂ ಒಡೀಲಿಲ್ಲ. ಅತ್ತೆ ಎರಡು ತಿಂದು "ಸೋನಮ್ಮಂದು ಇನ್ನೂ..." ಅಂತ ಶುರು ಮಾಡಿ, ನನ್ನ ನೋಡಿ ಮೂರನೇದಕ್ಕೆ ಕೈ ಹಾಕಿದ್ರು.

ಇವರು ಮುಟ್ಟಲಿಲ್ಲ. ಮುದ್ದೆ ಸಾಕು ಅಂದ್ರು.

5-5-1946, ಭಾನುವಾರ, ಮಧ್ಯಾಹ್ನ

ನಿನ್ನೆ ಬೆಳಿಗ್ಗೆ ಒಗೆದ ಶರಟು ಹಾಕ್ಕೊಂಡು ಬೆಂಗಳೂರಿಗೆ ಹೋದ್ರು. ಯಾಕೆ ಅಂತ ಕೇಳಲಿಲ್ಲ. ಸಂಜೆ ರೈಲಿಗೇ ಬಂದುಬಿಟ್ಟರು. ಈ ಹೊತ್ತು ಊಟ ಆದ್ಮೇಲೆ ತಾವಾಗೇ ಬಾಯಿಬಿಟ್ಟರು.

"ಹೋಗಿದ್ದೆ. ವಾಪಸ್ ಬಂದ್ಬಿಡು ಅಂತ ಕೇಳ್ದೆ."

ನಾನು ತಟ್ಟೆ ತೊಳೀತಾ ಇದ್ದೆ.

"ಆಗಲ್ಲ ಅಂದ್ಳು. ಇನ್ನು ಬರಬೇಡ ಅಂದ್ಳು." ಬೀಡಿ ಕಟ್ಟು ತಡಕ್ತಾ, "ನಾಳೆಯಿಂದ ಹೊಸಕೋಟೆ ಲಾರಿ ಡ್ಯೂಟಿ. ಬೇಗ ಎಬ್ಬಿಸು."

ಅಷ್ಟೇ. ಮುಗೀತಂತೆ. ಭಾಗ್ಯಮ್ಮನಿಗೆ ಗೊತ್ತಾದ್ರೆ ನೀನೇ ಗೆದ್ದೆ ಬಿಡಮ್ಮ ಅಂತಾಳೆ. ಏನು ಗೆದ್ದೆ? ಅವಳು ಬೇಡ ಅಂದದ್ದು ನನಗೆ ಉಳೀತು. ಅದನ್ನೂ ನಾಳೆ ಬೇಗ ಎದ್ದು ಎಬ್ಬಿಸಬೇಕು.

ಕಿಟಕಿಯಿಂದ ಬೆನ್ನು ಕಾಣ್ತಿದೆ. ಜಗಲಿ ಮೇಲೆ ಕೂತು ಬೀಡಿ ಸೇದ್ತಾ ಇದಾರೆ. ನೋಡಿದ್ರೆ ಅಯ್ಯೋ ಅನ್ನಿಸುತ್ತೆ, ಹಾಳಾದ್ದು. ಆದ್ರೆ ಕೇಳಬೇಕು. ಇವತ್ತು ಕೇಳದಿದ್ರೆ ಜೀವಮಾನ ಪೂರ್ತಿ ಬಾಯಿ ಮುಚ್ಕೊಂಡೇ ಬಡಿಸ್ತೀನಿ. ಹೋಗಿ ಎದುರಿಗೆ ಕೂತ್ಕೊಂಡು ಕೇಳ್ತೀನಿ... ಅವಳು ಹೂಂ ಅಂದಿದ್ರೆ, ನನ್ನನ್ನ ಏನು ಮಾಡ್ತಿದ್ರಿ ಅಂತ.